ಡಾಡ್ಜ್ ರ‍್ಯಾಮ್‌ನ ಆಟೊಮ್ಯಾಟಿಕ್ ಕಿತ್ತು ಗೇರ್ ಹಾಕಿಸಬೇಕೇ?

ಪ್ರಶ್ನೆ: ನಾನಿರುವುದು ಟೆಕ್ಸಸ್‌ನ ಡಲ್ಲಾಸ್ ಹೊರವಲಯದಲ್ಲಿ. ನನ್ನ ಬಳಿ 1997ರ ಡಾಡ್ಜ್ ರ‍್ಯಾಮ್ 2500 ಪಿಕಪ್ ಟ್ರಕ್ ಇದೆ. 5.9 ಲೀಟರ್ ಕಮಿನ್ಸ್ ಡೀಸೆಲ್ ಎಂಜಿನ್, ಫೋರ್ ವೀಲ್ ಡ್ರೈವ್, ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಎಂಜಿನ್ ಗಟ್ಟಿಮುಟ್ಟಾಗಿದೆ. ಆದರೆ 45 ಮೈಲಿ ವೇಗದ ಆಸುಪಾಸಿನಲ್ಲಿ ಗೇರ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ. ಟ್ರೈಲರ್ ಕಟ್ಟಿಕೊಂಡು ಏರು ಹತ್ತಿದರೆ ಜಾರಿದ ಹಾಗೆಯೂ ಅನ್ನಿಸುತ್ತದೆ. ಗೇರ್‌ಬಾಕ್ಸ್ ಪೂರ್ತಿ ಬಿಚ್ಚಿ ಕಟ್ಟಬೇಕು ಎಂದು ಗ್ಯಾರೇಜಿನವರು ಹೇಳಿದ್ದಾರೆ. ಅಷ್ಟು ದುಡ್ಡು ಸುರಿಯುವುದಾದರೆ ಮ್ಯಾನ್ಯುಯಲ್ ಗೇರ್‌ಬಾಕ್ಸನ್ನೇ ಯಾಕೆ ಕೂರಿಸಬಾರದು? ಹಾಸನದ ಕಡೆ ಅಪ್ಪನ ಜೀಪಿನಲ್ಲಿ ಓಡಿಸಲು ಕಲಿತವನು ನಾನು, ಕ್ಲಚ್ ಹೊಸದಲ್ಲ. ಏನೇನು ಬೇಕಾಗುತ್ತದೆ, ಎಲ್ಲಿ ಎಡವಬಹುದು, ಮಾಡುವುದು ಲಾಭವೇ?

ಉತ್ತರ: ಮಾಡಬಹುದು. ಅಮೆರಿಕದ ಪಿಕಪ್‌ಗಳಲ್ಲಿ ಈ ಬದಲಾವಣೆಗೆ ನಿಮ್ಮ ಟ್ರಕ್‌ನಷ್ಟು ಒಗ್ಗುವ ಗಾಡಿ ಕಡಿಮೆ. ಡಾಡ್ಜ್ ಕಂಪನಿಯೇ ಅದೇ ವರ್ಷ, ಅದೇ ಎಂಜಿನ್‌ಗೆ ಮ್ಯಾನ್ಯುಯಲ್ ಗೇರ್‌ಬಾಕ್ಸ್ ಹಾಕಿ ಮಾರಿದೆ. ಹಾಗಾಗಿ ಯಾವ ಭಾಗವನ್ನೂ ಹೊಸದಾಗಿ ಕಂಡುಹಿಡಿಯಬೇಕಿಲ್ಲ, ಹುಡುಕಿ ತಂದರೆ ಸಾಕು. ಎಂಜಿನ್ 12 ವಾಲ್ವ್‌ನದು, ಡೀಸೆಲ್ ಪಂಪ್ ಬಾಷ್ ಕಂಪನಿಯ ಪಿ7100, ಅಪ್ಪಟ ಮೆಕ್ಯಾನಿಕಲ್. ಡೀಸೆಲ್ ತಡೆಯುವ ಸೊಲೆನಾಯ್ಡ್‌ಗೆ 12 ವೋಲ್ಟ್ ಸಿಕ್ಕರೆ ಎಂಜಿನ್ ಓಡುತ್ತದೆ, ಹಿಂದೆ ಯಾವ ಗೇರ್‌ಬಾಕ್ಸ್ ಇದೆ ಎಂದು ಅದು ಕೇಳುವುದಿಲ್ಲ. ಹೊಸ ಟ್ರಕ್‌ಗಳಲ್ಲಿ ಇದೇ ಕೆಲಸಕ್ಕೆ ಕೈ ಹಾಕಿದವರು ಹೆಚ್ಚಾಗಿ ಸೋಲುವುದು ಗೇರ್‌ಬಾಕ್ಸಿನಲ್ಲಲ್ಲ, ಕಂಪ್ಯೂಟರಿನಲ್ಲಿ. ಆ ತಲೆನೋವಿನ ಮುಕ್ಕಾಲು ಭಾಗ ನಿಮಗಿಲ್ಲ.

ಆದರೆ ನೀವು ಬರೆದ ಲಕ್ಷಣ ಓದಿದ ಮೇಲೆ, ನಿಮ್ಮ ಗೇರ್‌ಬಾಕ್ಸ್ ನಿಜವಾಗಿಯೂ ಸತ್ತಿದೆಯೇ ಎಂಬುದೇ ನನ್ನ ಮೊದಲ ಅನುಮಾನ.

ನಿಮ್ಮಲ್ಲಿರುವುದು 47ಆರ್‌ಇ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್. 1962ರಲ್ಲಿ ಬಂದ ಕ್ರೈಸ್ಲರ್‌ನ 727 ಟಾರ್ಕ್‌ಫ್ಲೈಟ್‌ನ ವಂಶದ್ದೇ ಇದು. ಮೂರು ಗೇರಿನ ಆ ಡಬ್ಬಿಯ ಹಿಂದೆ ಓವರ್‌ಡ್ರೈವ್, ಅಂದರೆ ಹೆದ್ದಾರಿಯಲ್ಲಿ ಎಂಜಿನ್ ನಿಧಾನ ತಿರುಗಲು ಒಂದು ಗೇರ್, ಸೇರಿಸಿ ನಾಲ್ಕು ಮಾಡಿದ್ದಾರೆ. ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವುದು ಟಾರ್ಕ್ ಕನ್ವರ್ಟರ್, ಅದು ಜಾರದಂತೆ ಎರಡನ್ನೂ ನೇರ ಬಿಗಿಯುವ ಬೀಗವೇ ಲಾಕಪ್. ಇದರಲ್ಲಿ ಓವರ್‌ಡ್ರೈವ್ ಮತ್ತು ಲಾಕಪ್ ಎರಡನ್ನೂ ಕಂಪ್ಯೂಟರ್ ನಡೆಸುತ್ತದೆ. 45 ಮೈಲಿ ಆಸುಪಾಸಿನಲ್ಲಿ ಹಿಡಿದು ಬಿಡುತ್ತಿರುವುದು ಬಹುಮಟ್ಟಿಗೆ ಈ ಲಾಕಪ್ಪೇ. ಎಕ್ಸಲರೇಟರ್ ಎಷ್ಟು ತುಳಿದಿದ್ದೀರಿ ಎಂದು ಹೇಳುವ ಥ್ರಾಟಲ್ ಸೆನ್ಸರ್‌ನ ತಂತಿಯಲ್ಲಿ ಸ್ವಲ್ಪ ಗಲಾಟೆ ಇದ್ದರೂ ಕಂಪ್ಯೂಟರ್ ಗೊಂದಲಕ್ಕೆ ಬಿದ್ದು ಲಾಕ್ ಹಾಕಿ ತೆಗೆದು ಮಾಡುತ್ತದೆ. ಆ ಗಲಾಟೆಯ ಮೂಲ ಸೆನ್ಸರ್ ಸವೆದಿರುವುದು ಇರಬಹುದು, ಅರ್ತಿಂಗ್ ತುಕ್ಕು ಹಿಡಿದಿರುವುದು ಇರಬಹುದು. ಅಥವಾ, ಇದನ್ನು ಎಷ್ಟೋ ಗ್ಯಾರೇಜುಗಳು ನೋಡುವುದೇ ಇಲ್ಲ, ಆಲ್ಟರ್ನೇಟರ್‌ನ ಒಂದು ಡಯೋಡ್ ಹೋಗಿರಬಹುದು.

ಪರೀಕ್ಷೆ ಸುಲಭ. ಎಂಜಿನ್ ಚಾಲೂ ಇಟ್ಟು ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಬ್ಯಾಟರಿಯ ಎರಡು ತುದಿಗೆ ಹಿಡಿಯಿರಿ. ಹತ್ತನೇ ಒಂದು ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಆಲ್ಟರ್ನೇಟರ್ ಮೇಲೆ ಕಣ್ಣಿಡಿ. ಇನ್ನೂ ಖಚಿತವಾಗಬೇಕೆಂದರೆ, ಎಂಜಿನ್ ಆರಿಸಿ, ಆಲ್ಟರ್ನೇಟರ್ ಹಿಂದಿರುವ ಎರಡು ಸಣ್ಣ ತಂತಿಯ ಪ್ಲಗ್ ಕಿತ್ತು, ಹಗಲು ಹೊತ್ತಿನಲ್ಲಿ ಐದಾರು ಮೈಲಿ ಓಡಿಸಿ ನೋಡಿ. ಬ್ಯಾಟರಿ ದೀಪ ಹತ್ತಿಕೊಳ್ಳುತ್ತದೆ, ಹೆದರಬೇಡಿ. ದಪ್ಪ ತಂತಿಗೆ ಮಾತ್ರ ಕೈ ಹಾಕಬೇಡಿ, ಅದು ನೇರ ಬ್ಯಾಟರಿಯಿಂದ ಬರುವಂಥದ್ದು. ಪ್ಲಗ್ ತೆಗೆದ ಮೇಲೆ ಆಟ ನಿಂತಿತೆಂದರೆ ನಿಮಗೆ ಬೇಕಾದ್ದು ಆಲ್ಟರ್ನೇಟರ್, ಗೇರ್‌ಬಾಕ್ಸ್ ಅಲ್ಲ.

ಏರಿನಲ್ಲಿ ಜಾರುತ್ತದೆ ಎಂದಿರಲ್ಲ, ಅದಕ್ಕೆ ಎಣ್ಣೆ ನೋಡಿ. ಈ ಗೇರ್‌ಬಾಕ್ಸಿನ ಎಣ್ಣೆಯನ್ನು ಎಂಜಿನ್ ಓಡುತ್ತಿರುವಾಗ, ಬಿಸಿಯಾದ ಮೇಲೆ, ನ್ಯೂಟ್ರಲ್‌ನಲ್ಲಿಟ್ಟು ಅಳೆಯಬೇಕು. ಪಾರ್ಕ್‌ನಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಪಾರ್ಕ್‌ನಲ್ಲಿ ಇದು ಟಾರ್ಕ್ ಕನ್ವರ್ಟರ್‌ಗೆ ಎಣ್ಣೆ ಕಳಿಸುವುದಿಲ್ಲ. ಎಣ್ಣೆ ಕೆಂಪಗಿದ್ದು ಮಟ್ಟ ಮಾತ್ರ ಕಡಿಮೆಯಿದ್ದರೆ ಅದೃಷ್ಟ. ಕಂದಾಗಿ ಸುಟ್ಟ ವಾಸನೆ ಬಂದು, ಕೆಳಗಿನ ಪ್ಯಾನ್ ಬಿಚ್ಚಿದಾಗ ಕಪ್ಪು ಹುಡಿಯ ಜೊತೆ ಹೊಳೆಯುವ ಲೋಹದ ಚೂರು ಕಂಡರೆ ಗ್ಯಾರೇಜಿನವರು ಹೇಳಿದ್ದು ಸರಿ.

ಸರಿ, ಹೋಗಿಯೇ ಬಿಟ್ಟಿದೆ ಎಂದುಕೊಳ್ಳೋಣ. ಆಗ ಗೇರ್ ಹಾಕಿಸುವ ನಿಮ್ಮ ಆಸೆಯಲ್ಲಿ ಅರ್ಥವಿದೆ. ಯಾಕೆಂದು ಕಂಪನಿಯ ಅಂಕಿಗಳೇ ಹೇಳುತ್ತವೆ. 1996ರಿಂದ 98ರವರೆಗೆ ಇದೇ ಎಂಜಿನನ್ನು ಆಟೊಮ್ಯಾಟಿಕ್ ಟ್ರಕ್‌ಗೆ 180 ಹಾರ್ಸ್‌ಪವರ್‌ಗೆ ಇಳಿಸಿ ಕೊಟ್ಟರು, ಮ್ಯಾನ್ಯುಯಲ್ ಟ್ರಕ್‌ಗೆ 215. ಟಾರ್ಕ್ ಇದರಲ್ಲಿ 420 ಪೌಂಡ್-ಅಡಿ, ಅದರಲ್ಲಿ 440. ಎಂಜಿನ್ ಒಂದೇ, ಪಂಪ್ ಬಿಗಿದ ಅಳತೆ ಬೇರೆ. ಗೇರ್‌ಬಾಕ್ಸ್ ತಡೆದುಕೊಳ್ಳಲಿ ಎಂದೇ ಎಂಜಿನ್ನಿನ ಉಸಿರು ಹಿಡಿದಿದ್ದಾರೆ. ಹಾಗೆಂದು ಆಟೊಮ್ಯಾಟಿಕ್ ಕಟ್ಟಿಸುವುದು ದಡ್ಡತನವೇನಲ್ಲ. ಒಳ್ಳೆಯ ಟಾರ್ಕ್ ಕನ್ವರ್ಟರ್, ಒಳ್ಳೆಯ ವಾಲ್ವ್ ಬಾಡಿ (ಎಣ್ಣೆಯ ಒತ್ತಡದಿಂದ ಗೇರ್ ಬದಲಿಸುವ ಭಾಗ) ಹಾಕಿ ತಿಳಿದವರು ಕಟ್ಟಿದ 47ಆರ್‌ಇ ಟ್ರೈಲರ್ ಎಳೆಯಲು ಚೆನ್ನಾಗಿಯೇ ಇರುತ್ತದೆ. ಟ್ರಾಫಿಕ್ಕಿನಲ್ಲಿ ದಿನಾ ಒಂದು ಗಂಟೆ ನಿಲ್ಲುವವರಿಗೆ, ಮನೆಯಲ್ಲಿ ಇನ್ನೊಬ್ಬರೂ ಅದೇ ಗಾಡಿ ಓಡಿಸುವವರಿಗೆ ನಾನು ಅದನ್ನೇ ಹೇಳುತ್ತೇನೆ. ಈ ಟ್ರಕ್‌ನ ಕ್ಲಚ್ ಅಪ್ಪನ ಜೀಪಿನದಲ್ಲ, ಎಡಗಾಲು ನೋಯುತ್ತದೆ.

ಮೂರನೆಯ ದಾರಿಯೊಂದಿದೆ, ಯಾರಿಗೂ ಇಷ್ಟವಾಗುವುದಿಲ್ಲ: ಇದನ್ನು ಇದ್ದ ಹಾಗೇ ಮಾರಿ, ಕಂಪನಿಯಿಂದಲೇ ಗೇರ್ ಇದ್ದು ಬಂದ ರ‍್ಯಾಮ್ ಕೊಳ್ಳುವುದು. ಬಾಡಿ ತುಕ್ಕು ಹಿಡಿದಿದ್ದರೆ, ಇಲ್ಲವೇ ಇನ್ನೆರಡು ವರ್ಷದಲ್ಲಿ ಹೇಗೂ ಮಾರುವ ಯೋಚನೆಯಿದ್ದರೆ, ಇದೇ ಅಗ್ಗ. ಗೇರ್ ಬದಲಿಸಲು ಹಾಕಿದ ದುಡ್ಡು ಮಾರುವಾಗ ಪೂರ್ತಿ ವಾಪಸು ಬರುವುದಿಲ್ಲ. ಬಾಡಿ ಚೆನ್ನಾಗಿದೆ, ಎಂಜಿನ್ ಚೆನ್ನಾಗಿದೆ, ಈ ಗಾಡಿಯನ್ನು ಬಿಡುವ ಮಾತೇ ಇಲ್ಲ ಎನ್ನುವವರಿಗೆ ಮಾತ್ರ ಮುಂದಿನದು.

ಯಾವ ಗೇರ್‌ಬಾಕ್ಸ್? ಮುಖ್ಯ ಆಯ್ಕೆ ಎರಡು. ಐದು ಗೇರಿನ ಎನ್‌ವಿ4500, ಆರು ಗೇರಿನ ಎನ್‌ವಿ5600. ಎರಡನ್ನೂ ಮಾಡಿದ್ದು ನ್ಯೂ ವೆಂಚರ್ ಗೇರ್, 1990ರಲ್ಲಿ ಕ್ರೈಸ್ಲರ್ ಮತ್ತು ಜನರಲ್ ಮೋಟರ್ಸ್ ಕೂಡಿ ಹುಟ್ಟುಹಾಕಿದ ಕಂಪನಿ. ಆರು ಗೇರಿನದರಲ್ಲಿ ಗೇರುಗಳ ನಡುವಿನ ಅಂತರ ಕಡಿಮೆ, ಭಾರ ಎಳೆಯಲು ಸುಖ. ಆದರೆ ತೂಕ ಸುಮಾರು 360 ಪೌಂಡ್, ತಯಾರಿಕೆ ನಿಂತು ಎಷ್ಟೋ ವರ್ಷವಾಗಿದೆ, ಒಳಗಿನ ಭಾಗ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಐದು ಗೇರಿನದು ಸುಮಾರು 200 ಪೌಂಡ್, ಎರಕದ ಕಬ್ಬಿಣದ ಮೈ, ಬಿಡಿಭಾಗ ಇವತ್ತಿಗೂ ಸಿಗುತ್ತದೆ. ನಿಮ್ಮ 97ರ ಟ್ರಕ್‌ಗೆ ಕಂಪನಿಯೇ ಕೊಡುತ್ತಿದ್ದದ್ದೂ ಅದನ್ನೇ. ನನ್ನ ಮತ ಎನ್‌ವಿ4500ಕ್ಕೆ.

ಅದರ ಗೇರ್ ಅನುಪಾತ ಒಂದನೆಯದು 5.61, ಎರಡನೆಯದು 3.04, ಮೂರನೆಯದು 1.67, ನಾಲ್ಕನೆಯದು ನೇರ, ಐದನೆಯದು ಸುಮಾರು 0.75. ನಿಮ್ಮ ಆಟೊಮ್ಯಾಟಿಕ್‌ನಲ್ಲಿ ಇದೇ ಸಾಲು 2.45, 1.45, 1, 0.69. ಒಂದನೇ ಗೇರಿನ ವ್ಯತ್ಯಾಸ ನೋಡಿ! ಖಾಲಿ ಗಾಡಿಯಲ್ಲಿ ಒಂದನೇ ಗೇರ್ ಹಾಕಿದರೆ ಸಿಗ್ನಲ್ ದಾಟುವ ಮುಂಚೆ ಎರಡಕ್ಕೆ ಹೋಗಬೇಕಾಗುತ್ತದೆ. ಅದಕ್ಕೇ ಇದನ್ನು ಓಡಿಸುವವರೆಲ್ಲ ಎರಡರಲ್ಲೇ ಎತ್ತುತ್ತಾರೆ, ಒಂದು ಇರುವುದು ಟ್ರೈಲರ್ ಕಟ್ಟಿ ಏರಿನಲ್ಲಿ ನಿಂತಾಗ. ಇನ್ನು ಹೆದ್ದಾರಿ. ನಿಮ್ಮ ಹಿಂದಿನ ಆ್ಯಕ್ಸಲ್‌ನ ಗೇರ್ ಅನುಪಾತ 3.54 ಇದ್ದು, ಟೈರು 245/75-16 ಇದ್ದರೆ, 65 ಮೈಲಿಯಲ್ಲಿ ಈಗ ಎಂಜಿನ್ ನಿಮಿಷಕ್ಕೆ ಸುಮಾರು 1750 ಸುತ್ತಿನಲ್ಲಿರುತ್ತದೆ. ಮ್ಯಾನ್ಯುಯಲ್ ಹಾಕಿದ ಮೇಲೆ ಅದೇ ವೇಗಕ್ಕೆ ಸುಮಾರು 1900. ಹೊಸ ಗೇರ್‌ಬಾಕ್ಸಿನಿಂದ ಮೈಲೇಜ್ ಸಿಕ್ಕಾಪಟ್ಟೆ ಏರುತ್ತದೆ ಎಂದು ಯಾರಾದರೂ ಹೇಳಿದ್ದರೆ ಈ ಲೆಕ್ಕ ತೋರಿಸಿ. ಆ್ಯಕ್ಸಲ್ 4.10 ಇದ್ದರಂತೂ ಹೆದ್ದಾರಿಯಲ್ಲಿ ಗದ್ದಲ ಇನ್ನೂ ಜಾಸ್ತಿ.

ಎರಡರಿಂದ ಮೂರಕ್ಕೆ ಹೋಗುವಾಗಿನ ಹಳ್ಳವೂ ಗೊತ್ತಿರಲಿ. 2500 ಸುತ್ತಿನಲ್ಲಿ ಗೇರ್ ಬದಲಿಸಿದರೆ ಮೂರರಲ್ಲಿ ಎಂಜಿನ್ 1400ಕ್ಕಿಂತ ಕೆಳಗೆ ಬೀಳುತ್ತದೆ. ಈ ಎಂಜಿನ್ನಿನ ಗರಿಷ್ಠ ಟಾರ್ಕ್ ಇರುವುದು 1600ರಲ್ಲಿ. ಭಾರ ಹೊತ್ತು ಏರು ಹತ್ತುವಾಗ ಎರಡನ್ನು ಕೊನೆಯವರೆಗೂ ಎಳೆಯಬೇಕು, ಇಲ್ಲದಿದ್ದರೆ ಮೂರರಲ್ಲಿ ಗಾಡಿ ಮುಲುಗುತ್ತದೆ.

ಈಗ ಸಾಮಾನು. ಜನ ತಪ್ಪು ಮಾಡುವುದು ಇಲ್ಲೇ. ಗೇರ್‌ಬಾಕ್ಸ್ ಒಂದನ್ನು ಒಳ್ಳೆಯ ಬೆಲೆಗೆ ತಂದು ಗ್ಯಾರೇಜಿನ ಮೂಲೆಯಲ್ಲಿಟ್ಟು, ಉಳಿದದ್ದೆಲ್ಲ ಚಿಲ್ಲರೆ ಎಂದುಕೊಳ್ಳುತ್ತಾರೆ. ದುಡ್ಡು ಮತ್ತು ವಾರಾಂತ್ಯ ಎರಡನ್ನೂ ತಿನ್ನುವುದು ಆ ಚಿಲ್ಲರೆಯೇ: ಕ್ಲಚ್ಚನ್ನು ಮುಚ್ಚುವ ಬೆಲ್ ಹೌಸಿಂಗ್, ಅದಕ್ಕೂ ಎಂಜಿನ್‌ಗೂ ನಡುವಿನ ಅಡಾಪ್ಟರ್ ತಟ್ಟೆ, ಫ್ಲೈವೀಲ್, ಸ್ಟಾರ್ಟರ್, ಕ್ಲಚ್ ಫೋರ್ಕ್, ಪೆಡಲ್ ಜೋಡಿ, ಹೈಡ್ರಾಲಿಕ್ ಪೈಪು, ಗೇರ್‌ಬಾಕ್ಸ್ ಕೂರುವ ಕ್ರಾಸ್‌ಮೆಂಬರ್, ನೆಲದ ತಗಡು, ಪ್ರೊಪೆಲ್ಲರ್ ಶಾಫ್ಟ್, ಕೊನೆಗೆ ಯಾವ ಅಂಗಡಿಯಲ್ಲೂ ಸಿಗದ ಅಳತೆಯ ಹತ್ತಾರು ಬೋಲ್ಟು. ಇವನ್ನು ಒಂದೊಂದಾಗಿ ಹುಡುಕಿ ತಂದವರು ಕೊನೆಗೆ ಕೊಟ್ಟ ಮೊತ್ತದಲ್ಲಿ ಒಂದು ಇಡೀ ಹಳೆಯ ಟ್ರಕ್ ಬರುತ್ತಿತ್ತು.

ಹಾಗಾಗಿ ಇಡೀ ಟ್ರಕ್ಕನ್ನೇ ಕೊಳ್ಳಿ ಎನ್ನುತ್ತೇನೆ. 1994ರಿಂದ 98ರ ಮೊದಲ ಭಾಗದವರೆಗಿನ, 12 ವಾಲ್ವ್ ಕಮಿನ್ಸ್ ಇರುವ, ಮ್ಯಾನ್ಯುಯಲ್, ಸಾಧ್ಯವಾದರೆ ಫೋರ್ ವೀಲ್ ಡ್ರೈವ್ ಇರುವ, ಮುಂಭಾಗ ಜಜ್ಜಿಹೋದ ಅಥವಾ ಉರುಳಿದ ರ‍್ಯಾಮ್. ಗುಜರಿಯಲ್ಲಿ, ವಿಮೆ ಕಂಪನಿಗಳ ಹರಾಜಿನಲ್ಲಿ ಹುಡುಕಿ. ಓಡಿಸಿ ನೋಡುವ ಸ್ಥಿತಿಯಲ್ಲಿದ್ದರೆ ಐದೂ ಗೇರ್ ಹಾಕಿ ನೋಡಬಹುದು, ಬಿಡಿ ಗೇರ್‌ಬಾಕ್ಸ್ ಕೊಂಡರೆ ಆ ಭಾಗ್ಯವಿಲ್ಲ. ನಿಮಗೆ ಬೇಕಾದ್ದನ್ನು ಕಿತ್ತುಕೊಂಡ ಮೇಲೆ ಅದರ ಎಂಜಿನ್ ಕೊಳ್ಳಲು ಜನ ಬರುತ್ತಾರೆ, 12 ವಾಲ್ವ್ ಕಮಿನ್ಸ್‌ಗೆ ಇವತ್ತಿಗೂ ಗಿರಾಕಿ ಇದೆ. ಹಾಕಿದ ದುಡ್ಡಿನ ದೊಡ್ಡ ಪಾಲು ಅಲ್ಲೇ ವಾಪಸಾಗಬಹುದು. ಮುಖ್ಯವಾಗಿ, ಯಾವ ಬೋಲ್ಟ್ ಎಲ್ಲಿಗೆ ಎಂಬ ಅನುಮಾನ ಬಂದಾಗ ಅಂಗಳಕ್ಕೆ ಹೋಗಿ ನೋಡಲು ಒಂದು ಮಾದರಿ ಇರುತ್ತದೆ. ಅಂಗಳದಲ್ಲಿ ಮುರುಕು ಟ್ರಕ್ ನಿಲ್ಲಿಸಲು ನಿಮ್ಮ ಬಡಾವಣೆಯ ಸಂಘದವರು ಬಿಡುತ್ತಾರೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿ. ಅದು ಗೇರ್‌ಬಾಕ್ಸಿಗಿಂತ ದೊಡ್ಡ ರಗಳೆ.

ಬಿಡಿಯಾಗಿಯೇ ಕೊಳ್ಳುವುದಾದರೆ ಒಂದಷ್ಟು ಎಚ್ಚರ ಬೇಕು. ಜನರಲ್ ಮೋಟರ್ಸ್ ಟ್ರಕ್‌ಗಳಲ್ಲೂ ಎನ್‌ವಿ4500 ಇತ್ತು, ಮೇಲ್ನೋಟಕ್ಕೆ ಅಣ್ಣತಮ್ಮ. ಆದರೆ ಇನ್‌ಪುಟ್ ಶಾಫ್ಟ್, ಬೆಲ್ ಹೌಸಿಂಗ್ ಕೂರುವ ಮುಖ ಎಲ್ಲ ಬೇರೆ, ನಿಮ್ಮದಕ್ಕೆ ನೇರ ಕೂರುವುದಿಲ್ಲ. ಡಾಡ್ಜ್ ಡೀಸೆಲ್‌ನದರಲ್ಲೂ ಇನ್‌ಪುಟ್ ಶಾಫ್ಟ್ 1¼ ಇಂಚಿನದು ಸಿಗಬಹುದು, 1⅜ ಇಂಚಿಗೆ ಬದಲಾಯಿಸಿದ್ದೂ ಸಿಗಬಹುದು. ಕ್ಲಚ್ ಪ್ಲೇಟ್ ಕೊಳ್ಳುವ ಮುಂಚೆ ವರ್ನಿಯರ್ ಹಿಡಿದು ಅಳೆಯಿರಿ. ಹಿಂದಿನ ತುದಿಯಲ್ಲಿ ಔಟ್‌ಪುಟ್ ಶಾಫ್ಟಿನ ಹಲ್ಲು ಎಣಿಸಿ, ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ನಿಮ್ಮ ಟ್ರಾನ್ಸ್‌ಫರ್ ಕೇಸ್‌ನ ಒಳಹಲ್ಲನ್ನೂ ಎಣಿಸಿ. ಒಂದು ಕಡೆ 23, ಇನ್ನೊಂದು ಕಡೆ 29 ಬಂತೋ, ಟ್ರಾನ್ಸ್‌ಫರ್ ಕೇಸ್‌ನ ಇನ್‌ಪುಟ್ ಗೇರ್ ಬದಲಿಸಬೇಕು, ಇಲ್ಲವೇ ಗೇರ್‌ಬಾಕ್ಸ್ ಜೊತೆ ಬಂದ ಟ್ರಾನ್ಸ್‌ಫರ್ ಕೇಸನ್ನೇ ಹಾಕಬೇಕು. ಕ್ಲಚ್ ಕೂಡ 12¼ ಇಂಚಿನದೂ ಇದೆ, 13 ಇಂಚಿನದೂ ಇದೆ, ಫ್ಲೈವೀಲ್ ಅದಕ್ಕೆ ತಕ್ಕದ್ದೇ ಆಗಬೇಕು.

ಎನ್‌ವಿ4500ದ ಕುಖ್ಯಾತ ರೋಗವೊಂದನ್ನು ಕೊಳ್ಳುವ ಮುಂಚೆಯೇ ಕೇಳಿ ತಿಳಿಯಬೇಕು. ಐದನೇ ಗೇರ್ ಮೇನ್‌ಶಾಫ್ಟಿನ ಹಿಂತುದಿಯಲ್ಲಿ ಕೂತಿದೆ, ಹಿಡಿದಿರುವುದು ಒಂದು ದೊಡ್ಡ ನಟ್ಟು. ಕಮಿನ್ಸ್‌ನ ಪ್ರತಿ ಹೊಡೆತವೂ ಶಾಫ್ಟನ್ನು ಅದುರಿಸುತ್ತದೆ. ಐದರಲ್ಲಿ, ಕಡಿಮೆ ಸುತ್ತಿನಲ್ಲಿ, ಭಾರ ಎಳೆಯುತ್ತ ಹೋದರೆ ಆ ನಟ್ಟು ಸಡಿಲಾಗಿ ಹಿಂದೆ ಸರಿಯುತ್ತದೆ, ಗೇರೂ ಅದರ ಹಿಂದೆಯೇ. ಒಂದು ದಿನ ಲಿವರ್ ಐದರಲ್ಲೇ ಇರುತ್ತದೆ, ಗಾಡಿಗೆ ಐದನೇ ಗೇರ್ ಇರುವುದಿಲ್ಲ. ಹಾಗಾಗಿ ಗೇರ್‌ಬಾಕ್ಸ್ ಕೆಳಗಿರುವಾಗಲೇ ಹಿಂದಿನ ಭಾಗ ಬಿಚ್ಚಿ ನಟ್ಟು ನೋಡಿ, ಅದು ಮತ್ತೆ ಕಳಚದಂತೆ ಬಿಗಿ ಹಿಡಿಯುವ ಹೊಸ ಬಗೆಯ ನಟ್ಟು ಹಾಕಿಸಿ. ಶಾಫ್ಟಿನ ಹಲ್ಲು ಆಗಲೇ ಸವೆದಿದ್ದರೆ ಉದ್ದಕ್ಕೂ ಹಲ್ಲಿರುವ ಹೊಸ ಮೇನ್‌ಶಾಫ್ಟ್ ಸಿಗುತ್ತದೆ. ಟ್ರಕ್ ಕೆಳಗೆ ಕೂರಿಸಿದ ಮೇಲೆ ಈ ಕೆಲಸಕ್ಕೆ ಮತ್ತೆ ಎಲ್ಲ ಇಳಿಸಬೇಕು.

ಬಿಚ್ಚುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೇರ್‌ಬಾಕ್ಸ್ ಜಾಕಿ ಬಾಡಿಗೆಗೆ ತನ್ನಿ, ಸರಪಳಿ ಕಟ್ಟಿ, ಟ್ರಾನ್ಸ್‌ಫರ್ ಕೇಸನ್ನು ಬೇರೆಯಾಗಿ ಇಳಿಸಿ. ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್ ಜೊತೆಗೇ ಬರಲಿ, ಜಾರಿ ಕಾಲ ಮೇಲೆ ಬೀಳದಂತೆ ಕಟ್ಟಿ. ಎಣ್ಣೆ ತಣಿಸುವ ಪೈಪುಗಳು, ಎಂಜಿನ್ ಪಕ್ಕದಲ್ಲಿ ನೀರಿನಿಂದ ತಣಿಸುವ ಡಬ್ಬಿ, ಎಕ್ಸಲರೇಟರ್ ಕಡೆಯಿಂದ ಗೇರ್‌ಬಾಕ್ಸಿಗೆ ಇಳಿಯುವ ಕೇಬಲ್, ಇವೆಲ್ಲ ಇನ್ನು ಬೇಡ. ನೀರಿನ ದಾರಿ ಮಾತ್ರ ಸರಿಯಾಗಿ ಮುಚ್ಚಿ ಅಥವಾ ಜೋಡಿಸಿ.

ಫ್ಲೆಕ್ಸ್‌ಪ್ಲೇಟ್ (ಆಟೊಮ್ಯಾಟಿಕ್‌ನಲ್ಲಿ ಫ್ಲೈವೀಲ್ ಜಾಗದಲ್ಲಿರುವ ತೆಳು ತಟ್ಟೆ) ಬಿಚ್ಚಿದಾಗ ಕ್ರ್ಯಾಂಕ್‌ನ ಹಿಂಬದಿ ಎದುರಿಗೆ ಬರುತ್ತದೆ. ರಿಯರ್ ಮೇನ್ ಸೀಲ್ ಸೋರದಿದ್ದರೂ ಬದಲಿಸಿ. ಇಪ್ಪತ್ತೈದು ವರ್ಷ ದಾಟಿದ ಸೀಲ್ ಹೊಸ ಕ್ಲಚ್ ಮೇಲೆ ಎಣ್ಣೆ ಬಿಟ್ಟರೆ ಸೀಲ್ ಬೆಲೆಗಿಂತ ಎಷ್ಟೋ ಪಟ್ಟು ದಂಡ. ಇನ್‌ಪುಟ್ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬೇರಿಂಗ್ ಎಂಬುದೇ ಆಟೊಮ್ಯಾಟಿಕ್‌ಗೆ ಇರಲಿಲ್ಲ. ಮ್ಯಾನ್ಯುಯಲ್‌ಗೆ ಬೇಕು, ಈ ಎಂಜಿನ್ನಿನಲ್ಲಿ ಅದು ಫ್ಲೈವೀಲ್‌ನ ನಡುವೆ ಕೂರುತ್ತದೆ. ಹಳೆಯ ಫ್ಲೈವೀಲ್ ಆದರೆ ಮುಖ ಲೇತ್ ಮಾಡಿಸಿ, ಹೊಸ ಬೇರಿಂಗ್ ಹಾಕಿ. ಕ್ಲಚ್ ಪ್ಲೇಟನ್ನು ಜೋಡಿಕಡ್ಡಿ ತೂರಿಸಿ ನಟ್ಟನಡುವೆ ನಿಲ್ಲಿಸಿ, ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಇನ್ನು ಗೇರ್‌ಬಾಕ್ಸ್ ತಳ್ಳುವಾಗ: ಅದು ಕೈಬಲದಲ್ಲಿ ಪೂರ್ತಿ ಒಳಗೆ ಹೋಗಬೇಕು. ಅರ್ಧ ಇಂಚು ಉಳಿದಿದೆ, ಬೋಲ್ಟ್ ಬಿಗಿದು ಎಳೆದರೆ ಆಗುತ್ತದೆ ಎಂದುಕೊಂಡಿರೋ, ಕ್ಲಚ್ ಪ್ಲೇಟಿನ ನಡುಗುಂಬ ಬಾಗುತ್ತದೆ ಅಥವಾ ಕೇಸಿನ ಕಿವಿ ಒಡೆಯುತ್ತದೆ. ಹಿಂದೆ ತೆಗೆಯಿರಿ, ಗೇರಿಗೆ ಹಾಕಿ ಹಿಂದಿನ ಶಾಫ್ಟ್ ಒಂಚೂರು ತಿರುಗಿಸಿ, ಮತ್ತೆ ತಳ್ಳಿ.

ಪೆಡಲ್ ಹಾಕಲು ಬೆನ್ನು ಮುರಿಯುವಂತೆ ಡ್ಯಾಶ್‌ಬೋರ್ಡ್ ಕೆಳಗೆ ಮಲಗಬೇಕು. ಆಟೊಮ್ಯಾಟಿಕ್‌ನ ಅಗಲ ಬ್ರೇಕ್ ಪೆಡಲ್ ಹೋಗಿ, ಮ್ಯಾನ್ಯುಯಲ್‌ನ ಕಿರಿದಾದ ಬ್ರೇಕ್ ಪೆಡಲ್ ಮತ್ತು ಕ್ಲಚ್ ಪೆಡಲ್ ಬರುತ್ತವೆ. ಕ್ಲಚ್ ಮಾಸ್ಟರ್ ಸಿಲಿಂಡರ್ ಕೂರಿಸಲು ಎಂಜಿನ್ ಕಡೆಯ ಗೋಡೆ ಕೊರೆಯಬೇಕಾಗಿ ಬಂದರೆ, ತಂದಿರುವ ಮ್ಯಾನ್ಯುಯಲ್ ಟ್ರಕ್ಕಿನಿಂದ ಕಾಗದದಲ್ಲಿ ಅಚ್ಚು ತೆಗೆದುಕೊಂಡು ಗುರುತು ಹಾಕಿ. ಮಾಸ್ಟರ್, ಪೈಪು, ಸ್ಲೇವ್ ಮೂರೂ ಒಂದೇ ಜೋಡಣೆಯಾಗಿ, ಎಣ್ಣೆ ತುಂಬಿ ಗಾಳಿ ತೆಗೆದು ಸೀಲ್ ಮಾಡಿ ಬರುವಂಥದ್ದು ಸಿಗುತ್ತದೆ. ಹಳೆಯದನ್ನು ಬಳಸಿ ಗಾಳಿ ತೆಗೆಯುತ್ತ ಇಡೀ ಭಾನುವಾರ ಕಳೆಯುವ ಬದಲು ಅದನ್ನೇ ಕೊಳ್ಳಿ.

ನೆಲದಲ್ಲಿ ಲಿವರ್ ಬರುವ ಜಾಗಕ್ಕೆ ತಗಡು ಕತ್ತರಿಸಬೇಕು. ಸ್ಟೀರಿಂಗ್ ಪಕ್ಕದ ಹಳೆಯ ಗೇರ್ ಲಿವರ್ ಬಗ್ಗೆ ಜನ ಯೋಚಿಸುವುದಿಲ್ಲ. ಅದು ಪಾರ್ಕ್‌ನಲ್ಲಿದ್ದರೆ ಮಾತ್ರ ಕೀಲಿ ಹೊರಗೆ ಬರುತ್ತದೆ. ಹಾಗಾಗಿ ಕೆಳಗಿನ ಕೊಂಡಿ ಕಳಚಿ, ಒಳಯಂತ್ರವನ್ನು ಪಾರ್ಕ್‌ನಲ್ಲೇ ನಿಲ್ಲಿಸಿ ಲಿವರ್ ಬಿಚ್ಚಿಡುವುದು ಒಂದು ಉಪಾಯ. ಮ್ಯಾನ್ಯುಯಲ್ ಟ್ರಕ್ಕಿನ ಸ್ಟೀರಿಂಗ್ ಕಾಲಮ್ಮನ್ನೇ ಹಾಕುವುದು ಚೊಕ್ಕ ಕೆಲಸ.

ವೈರಿಂಗ್ ಎಂದರೆ ಜನ ಹೆದರುತ್ತಾರೆ, ಆದರೆ ಈ ಟ್ರಕ್‌ನಲ್ಲಿ ಅದು ಒಂದು ಮಧ್ಯಾಹ್ನದ ಕೆಲಸ. ಆಟೊಮ್ಯಾಟಿಕ್‌ನ ಪಕ್ಕದಲ್ಲಿ ಮೂರು ಪಿನ್ನಿನ ಒಂದು ಸ್ವಿಚ್ ಇರುತ್ತದೆ. ನಡುವಿನ ಪಿನ್ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿದ್ದಾಗ ಅರ್ತ್ ಆಗುತ್ತದೆ, ಆಗಲೇ ಸ್ಟಾರ್ಟರ್ ರಿಲೇ ಕೆಲಸ ಮಾಡುವುದು. ಆಚೆ ಈಚೆಯ ಎರಡು ಪಿನ್ ರಿವರ್ಸ್ ದೀಪಕ್ಕೆ. ಆ ಎರಡು ತಂತಿಯನ್ನು ಎನ್‌ವಿ4500 ಮೇಲಿರುವ ರಿವರ್ಸ್ ಸ್ವಿಚ್ಚಿಗೆ ಕೊಡಿ. ನಡುವಿನ ತಂತಿಯನ್ನು ಕ್ಲಚ್ ಪೆಡಲ್ ಸ್ವಿಚ್ ಮೂಲಕ ಅರ್ತ್ ಮಾಡಿ, ಆಗ ಕ್ಲಚ್ ತುಳಿದರೆ ಮಾತ್ರ ಸ್ಟಾರ್ಟ್ ಆಗುತ್ತದೆ. ಕೆಲವರು ಆ ತಂತಿಯನ್ನು ನೇರ ಚಾಸಿಗೆ ಸುತ್ತಿ ಕೈ ತೊಳೆದುಕೊಳ್ಳುತ್ತಾರೆ. ದಯವಿಟ್ಟು ಬೇಡ. ಗೇರಿನಲ್ಲಿ ನಿಂತ ಡೀಸೆಲ್ ಟ್ರಕ್‌ನ ಕೀಲಿಯನ್ನು ಮಗು ತಿರುಗಿಸಿದರೂ ಅದು ಗೋಡೆಗೆ ನುಗ್ಗುತ್ತದೆ.

ಕಂಪ್ಯೂಟರ್ ಮಾತ್ರ ತೆಗೆಯಬೇಡಿ. ಎಂಜಿನ್‌ಗೆ ಅದು ಬೇಡ ನಿಜ, ಆದರೆ ಆಲ್ಟರ್ನೇಟರ್ ಎಷ್ಟು ಚಾರ್ಜ್ ಮಾಡಬೇಕೆಂದು ಹೇಳುವುದು ಅದೇ. ಕ್ರೂಸ್ ಕಂಟ್ರೋಲ್, ಚಳಿಯಲ್ಲಿ ಒಳಗೆ ಹೋಗುವ ಗಾಳಿ ಬಿಸಿ ಮಾಡುವ ಹೀಟರ್ ಕೂಡ ಅದರ ಕೈಯಲ್ಲೇ ಇವೆ. ಆಟೊಮ್ಯಾಟಿಕ್‌ನ ಸೊಲೆನಾಯ್ಡ್‌ಗಳು ಕಾಣದೆ ಅದು ಚೆಕ್ ಎಂಜಿನ್ ದೀಪ ಹಚ್ಚಿ ಗೊಣಗುತ್ತಿರುತ್ತದೆ. ದೀಪ ಆರಬೇಕೆಂದರೆ ಅದೇ ವರ್ಷದ ಮ್ಯಾನ್ಯುಯಲ್ ಟ್ರಕ್ಕಿನ ಕಂಪ್ಯೂಟರ್ ಹಾಕಿ.

ಪ್ರೊಪೆಲ್ಲರ್ ಶಾಫ್ಟನ್ನು ಕೊನೆಗೆ ಬಿಡಿ. ಗೇರ್‌ಬಾಕ್ಸ್‌ನ ಉದ್ದ ಬದಲಾದರೆ ಟ್ರಾನ್ಸ್‌ಫರ್ ಕೇಸ್ ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ, ಆಗ ಮುಂದಿನ ಶಾಫ್ಟ್, ಹಿಂದಿನ ಶಾಫ್ಟ್ ಎರಡರ ಅಳತೆಯೂ ಬದಲು. ಎಲ್ಲ ಬಿಗಿದು, ಟ್ರಕ್ ತನ್ನ ಟೈರಿನ ಮೇಲೆ ನಿಂತಿರುವಾಗ ಅಳತೆ ತೆಗೆದು, ಶಾಫ್ಟ್ ಅಂಗಡಿಯಲ್ಲಿ ಉದ್ದ ಸರಿಮಾಡಿಸಿ ಬ್ಯಾಲೆನ್ಸ್ ಮಾಡಿಸಿ. ಜಾಕಿ ಮೇಲೆ ಚಕ್ರ ತೂಗಾಡುತ್ತಿರುವಾಗ ತೆಗೆದ ಅಳತೆ ತಪ್ಪು.

ಗೇರ್‌ಬಾಕ್ಸ್ ಎಣ್ಣೆಗೆ ಸಿಂಥೆಟಿಕ್ 75ಡಬ್ಲ್ಯು-90, ಜಿಎಲ್-4 ದರ್ಜೆಯದು. ಸುಮಾರು 4 ಕ್ವಾರ್ಟ್ ಹಿಡಿಯುತ್ತದೆ. ಅಂಗಡಿಯವರು ಜಿಎಲ್-5 ಕೊಟ್ಟು ಇದು ಇನ್ನೂ ಮೇಲಿನ ದರ್ಜೆ ಎನ್ನುತ್ತಾರೆ. ಅದು ಡಿಫರೆನ್ಶಿಯಲ್‌ಗೆ ಸರಿ, ಈ ಗೇರ್‌ಬಾಕ್ಸಿನ ಸಿಂಕ್ರೊನೈಸರ್‌ಗಳಿಗೆ ಆಗಿಬರುವುದಿಲ್ಲ.

ನಿಮಗೆ ನಿಜವಾದ ಲಾಭ ಕಾಣುವುದು ಇಳಿಜಾರಿನಲ್ಲಿ. ಎಕ್ಸಲರೇಟರಿನಿಂದ ಕಾಲು ತೆಗೆದ ಕೂಡಲೇ ಈಗಿನ 47ಆರ್‌ಇ ಲಾಕಪ್ ಬಿಟ್ಟುಬಿಡುತ್ತದೆ, ಎಂಜಿನ್ನಿನ ತಡೆ ಚಕ್ರಕ್ಕೆ ಅಷ್ಟಾಗಿ ಮುಟ್ಟುವುದಿಲ್ಲ. ಅದಕ್ಕೇ ಆಟೊಮ್ಯಾಟಿಕ್‌ನಲ್ಲಿ ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ತಡೆದು ಎಂಜಿನ್ನಿನಿಂದಲೇ ಗಾಡಿಯ ವೇಗ ಇಳಿಸುವ ಸಾಧನ) ಹಾಕಲು ಲಾಕಪ್ ಹಿಡಿದಿಡುವ ಬೇರೆ ಕಿಟ್ ಬೇಕು. ಗೇರ್ ಟ್ರಕ್ಕಿನಲ್ಲಿ ಆ ಗೋಜಿಲ್ಲ. ಟ್ರೈಲರ್ ಹಿಂದಿರುವಾಗ ಮೂರನೇ ಗೇರಿನಲ್ಲಿ ಎಕ್ಸಾಸ್ಟ್ ಬ್ರೇಕ್ ಹಾಕಿ ಘಟ್ಟ ಇಳಿದರೆ ಬ್ರೇಕ್ ಪೆಡಲ್ ಮುಟ್ಟುವುದು ಅಪರೂಪ. ಇನ್ನೊಂದು ಆಸೆಗೆ ಮಾತ್ರ ಬೀಳಬೇಡಿ. ಗೇರ್ ಬಂತಲ್ಲ, ಇನ್ನು ಪಂಪ್ ತಿರುಪಿ ಪವರ್ ಏರಿಸೋಣ ಎಂದು ಸ್ನೇಹಿತರು ಹೇಳುತ್ತಾರೆ. ಪಿ7100ರಲ್ಲಿ ಅದು ಸುಲಭ, ನಿಜ. ಆದರೆ ಕ್ಲಚ್ ಕೊಳ್ಳುವಾಗಲೇ ಎಷ್ಟು ಪವರ್‌ಗೆ ಎಂದು ನಿರ್ಧರಿಸಿ ಕೊಳ್ಳಬೇಕು, ಆಮೇಲೆ ಏರಿಸಿದರೆ ಮೊದಲು ಜಾರುವುದು ಅದೇ.

ಕಾನೂನಿನ ಮಾತು ಚುಟುಕಾಗಿ. ಟೆಕ್ಸಸ್‌ನಲ್ಲಿ ಖಾಸಗಿ ವಾಹನಗಳ ವಾರ್ಷಿಕ ಸುರಕ್ಷಾ ತಪಾಸಣೆ 2025ರ ಜನವರಿಯಿಂದ ಇಲ್ಲ, ಹೊಗೆ ಪರೀಕ್ಷೆ ಡೀಸೆಲ್‌ಗೆ ಅನ್ವಯಿಸುವುದಿಲ್ಲ. ಮುಂದೆ ಕ್ಯಾಲಿಫೋರ್ನಿಯಾಕ್ಕೆ ಹೋಗುವ ಯೋಚನೆಯಿದ್ದರೆ, ಅಲ್ಲಿ ಹೊಗೆ ಪರೀಕ್ಷೆ 1998 ಮತ್ತು ನಂತರದ ಡೀಸೆಲ್ ಗಾಡಿಗಳಿಗೆ. ನಿಮ್ಮದು 97, ಒಂದು ವರ್ಷದಲ್ಲಿ ತಪ್ಪಿಸಿಕೊಂಡಿದ್ದೀರಿ. ವಿಮೆ ಕಂಪನಿಗೆ ಒಂದು ಸಾಲು ಬರೆದು ತಿಳಿಸಿ. ಬೆಂಗಳೂರಿನಿಂದ ಇಸುಜು, ಹೈಲಕ್ಸ್ ಪಿಕಪ್‌ಗಳ ಬಗ್ಗೆ ಇದೇ ಪ್ರಶ್ನೆ ಕೇಳುವವರಿಗೂ ಇಲ್ಲೇ ಉತ್ತರ: ಅವುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಕಂಪ್ಯೂಟರ್‌ಗಳೆಲ್ಲ ಒಂದಕ್ಕೊಂದು ಮಾತಾಡಿಕೊಂಡೇ ಓಡುತ್ತವೆ. ಅದರ ಮೇಲೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಗಟ್ಟಿಯಾಗಿಯೇ ಹೇಳಿದೆ. ಅಲ್ಲಿ ಬೇಕಾದರೆ ಗೇರ್ ಇರುವ ಮಾಡೆಲ್ಲನ್ನೇ ಕೊಳ್ಳುವುದು ವಾಸಿ.

ಎಲ್ಲ ಮುಗಿದ ಮೇಲೆ ಮೊದಲ 500 ಮೈಲಿ ಟ್ರೈಲರ್ ಕಟ್ಟಬೇಡಿ. ಊರೊಳಗೆ ನಿಲ್ಲಿಸಿ ಎತ್ತಿ, ನಿಲ್ಲಿಸಿ ಎತ್ತಿ ಓಡಿಸಿ, ಹೊಸ ಕ್ಲಚ್ ಕೂರುವುದು ಹಾಗೆಯೇ. ಆಮೇಲೆ ಗಾಡಿ ಕೆಳಗೆ ಒಮ್ಮೆ ತೂರಿ ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟು, ಕ್ರಾಸ್‌ಮೆಂಬರ್ ಬೋಲ್ಟು ಮತ್ತೆ ಬಿಗಿದು, ಬೆಲ್ ಹೌಸಿಂಗ್ ತಳದಲ್ಲಿ ಎಣ್ಣೆಯ ತೇವ ಇದೆಯೇ ಎಂದು ಬೆರಳಿಟ್ಟು ನೋಡಿ. ಇದ್ದರೆ ಮೂಸಿ ನೋಡಿ: ಎಂಜಿನ್ ಎಣ್ಣೆಯಾದರೆ ಹಿಂದಿನ ಸೀಲ್, ಗೇರ್ ಎಣ್ಣೆಯ ಗಾಟು ಬಂದರೆ ಇನ್‌ಪುಟ್ ಶಾಫ್ಟಿನ ಸೀಲ್.